ಕುಂಞಿಗೆ ಹಾಲನ್ನ ಸಾಕಾಗಲಿಲ್ಲ

ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅವಳು ಮೆಟ್ಟಿಲು ಇಳಿಯುವ ರೀತಿ.

ನಮ್ಮ ಅಡುಗೆಮನೆಯಿಂದ ಹಿಂದಿನ ಜಗಲಿಗೆ ಒಂದೇ ಒಂದು ಮೆಟ್ಟಿಲು. ಕುಂಞಿ ನಾಲ್ಕು ವರ್ಷದಿಂದ ದಿನಕ್ಕೆ ಇಪ್ಪತ್ತು ಸಲ ಹತ್ತಿ ಇಳಿದ ಮೆಟ್ಟಿಲು ಅದು. ಅವತ್ತು ಸಂಜೆ ದೀಪ ಹಚ್ಚುವ ಹೊತ್ತಿಗೆ ಅಂಚಿಗೆ ಬಂದು ನಿಂತಳು. ಮುಂದಿನ ಒಂದು ಕಾಲನ್ನು ಮೆಲ್ಲ ಕೆಳಗೆ ಬಿಟ್ಟಳು. ಹೊಳೆ ದಾಟುವಾಗ ನಾವು ನೀರಿನ ಆಳ ನೋಡುತ್ತೇವಲ್ಲ, ಹಾಗೆ. ನೆಲ ಸಿಗಲಿಲ್ಲ. ಕಾಲನ್ನು ಹಿಂದಕ್ಕೆ ಎಳೆದುಕೊಂಡು ಅಲ್ಲೇ ಕೂತು ನನ್ನನ್ನು ಕರೆದಳು.

ಮರುದಿನ ಮಧ್ಯಾಹ್ನ ಅಂಗಳದಲ್ಲಿ ಅಡಕೆ ಹರಡಿದ್ದೆವು. ಕಣ್ಣು ಬಿಡಲಾಗದಷ್ಟು ಬಿಸಿಲು. ಅಂಥ ಬೆಳಕಿನಲ್ಲಿ ಬೆಕ್ಕಿನ ಕಣ್ಣಿನ ಕಪ್ಪು ಭಾಗ ಒಂದು ನೂಲಿನಷ್ಟು ಸಣ್ಣದಾಗಬೇಕು. ಕುಂಞಿಯನ್ನು ತೊಡೆಯ ಮೇಲೆ ಕೂರಿಸಿ ನೋಡಿದೆ. ಎರಡೂ ಕಣ್ಣಲ್ಲಿ ಕಪ್ಪು ದುಂಡಗೆ ಅಗಲವಾಗಿ ಹರಡಿತ್ತು, ಕತ್ತಲೆಯಲ್ಲಿ ಇರುವ ಹಾಗೆ. ನನ್ನ ಹೊಟ್ಟೆಯೊಳಗೆ ಏನೋ ತಣ್ಣಗಾಯಿತು.

ನಾನು ಕಾಸರಗೋಡಿನ ಬದಿಯಡ್ಕ ಹತ್ತಿರದ ಒಂದು ಅಡಕೆ ತೋಟದ ಮನೆಯವಳು. ಮನೆಯಲ್ಲಿ ನಾವು ಆಡುವುದು ಹವ್ಯಕ ಕನ್ನಡ. ಬೆಕ್ಕಿಗೆ ನಾವು ಪುಚ್ಚೆ ಅನ್ನುತ್ತೇವೆ. ತೋಟದ ಕೆಲಸಕ್ಕೆ ಬರುವ ಅಕ್ಕ ತುಳುವಿನಲ್ಲೂ ಪುಚ್ಚೆ ಅನ್ನುತ್ತಾರೆ, ಪೇಟೆಯಲ್ಲಿ ಮಲಯಾಳದವರು ಪೂಚ್ಚ ಅನ್ನುತ್ತಾರೆ. ಬೆಕ್ಕು ಎಂಬ ಮಾತು ನಮ್ಮಲ್ಲಿ ಶಾಲೆಯ ಪುಸ್ತಕದಲ್ಲಿ ಮಾತ್ರ. ಕುಂಞಿ ಅಂದರೆ ಮರಿ. ಮರಿಯಾಗಿದ್ದಾಗ ಕರೆದ ಹೆಸರು ಹಾಗೇ ಉಳಿಯಿತು.

ಅವಳು ಬಂದದ್ದು ಒಂದು ಮಳೆಗಾಲದಲ್ಲಿ. ಹಟ್ಟಿಯ ಅಟ್ಟದಿಂದ ಬಿದ್ದು ಹಿಂದಿನ ಎಡಗಾಲು ಮುರಿದುಕೊಂಡಿದ್ದಳು. ತಾಯಿ ಉಳಿದ ಮರಿಗಳನ್ನು ಕಚ್ಚಿಕೊಂಡು ಹೋದವಳು ಇವಳನ್ನು ಬಿಟ್ಟುಹೋದಳು. ಕಾಲು ಸೊಟ್ಟಗೇ ಕೂಡಿಕೊಂಡಿತು. ಓಡುತ್ತಾಳೆ, ಆದರೆ ಇಲಿಯ ಹಿಂದೆ ಹಾರಿ ಹಿಡಿಯುವಷ್ಟಿಲ್ಲ. ಹಾಗಾಗಿ ಅವಳ ಊಟವೆಲ್ಲ ನಮ್ಮ ಕೈಯಿಂದಲೇ. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ.

ನಮ್ಮ ಮನೆಯಲ್ಲಿ ಮೊಟ್ಟೆ, ಮೀನು ಯಾವುದೂ ಇಲ್ಲ. ಬೆಳಗ್ಗೆ ಹಾಲು ಕರೆದ ಕೂಡಲೇ ಅತ್ತೆ ಒಂದು ಗೆರಟೆಯಲ್ಲಿ, ಅಂದರೆ ತೆಂಗಿನ ಚಿಪ್ಪಿನಲ್ಲಿ, ಬೆಚ್ಚಗಿನ ನೊರೆಹಾಲು ಇಡುತ್ತಿದ್ದರು. ಮಧ್ಯಾಹ್ನ ಮೆತ್ತಗೆ ಕಿವುಚಿದ ಅನ್ನಕ್ಕೆ ಹಾಲು, ಮೇಲೆ ಒಂದು ಚೂರು ತುಪ್ಪ. ರಾತ್ರಿ ಮೊಸರನ್ನ. ದೋಸೆ ಮಾಡಿದ ದಿನ ದೋಸೆಯ ತುಂಡು. ನಾವು ಉಣ್ಣುವುದಕ್ಕಿಂತ ಮೊದಲು ಅವಳಿಗೆ. ಇಷ್ಟು ಚೆನ್ನಾಗಿ ಸಾಕಿದ ಪುಚ್ಚೆ ಈ ಊರಲ್ಲಿ ಇನ್ನೊಂದು ಇಲ್ಲ ಅಂತ ನಾನು ನಂಬಿದ್ದೆ. ಆಗಾಗ ಅವಳ ಮಲ ತೆಳ್ಳಗಾಗುತ್ತಿತ್ತು. ಪುಚ್ಚೆಗಳಿಗೆ ಅದು ಇದ್ದದ್ದೇ ಅಂದುಕೊಂಡೆವು. ಕೂದಲು ಒರಟಾಗಿತ್ತು. ಅದು ಹುಟ್ಟುಗುಣ ಅಂದುಕೊಂಡೆವು.

ಮುಚ್ಚಳವಿರುವ ಬುಟ್ಟಿಯಲ್ಲಿ ಹಳೆ ಸೀರೆ ಹಾಸಿ, ಆಟೋ ಮಾಡಿಸಿ ಮೃಗಾಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರ್ ಮಲಯಾಳದವರು, ಸಣ್ಣ ಪ್ರಾಯದ ಹೆಣ್ಣುಮಗಳು. ಕೋಣೆಯ ದೀಪ ಆರಿಸಿ ಟಾರ್ಚಿನಂಥ ಒಂದು ಉಪಕರಣದಿಂದ ಕುಂಞಿಯ ಕಣ್ಣೊಳಗೆ ತುಂಬಾ ಹೊತ್ತು ನೋಡಿದರು. ಎದೆಯ ಬಡಿತ ಕೇಳಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಪೂಚ್ಚಕ್ಕ್ ಎಂದಾ ಕೊಡುಕ್ಕುನ್ನೇ?"

ಏನು ಕೊಡುತ್ತೀರಿ ಅಂತ. ನಾನು ಹೇಳಿದೆ. ನೊರೆಹಾಲು, ತುಪ್ಪದ ಅನ್ನ ಎಲ್ಲ ಹೇಳಿದೆ. ಇಲಿ ಹಿಡಿಯುತ್ತಾಳಾ ಅಂತ ಕೇಳಿದರು. ಇಲ್ಲ ಅಂದೆ. ಅವರು ಪೆನ್ನು ಕೆಳಗಿಟ್ಟು ಅರ್ಧ ಕನ್ನಡ, ಅರ್ಧ ಮಲಯಾಳದಲ್ಲಿ ಸಮಾಧಾನವಾಗಿ ವಿವರಿಸಿದರು. ಬೈಯಲಿಲ್ಲ. ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಕಣ್ಣಿನ ಹಿಂಬದಿಯ ಪರದೆಗೆ, ಹೃದಯದ ಸ್ನಾಯುವಿಗೆ ಟಾರಿನ್ ಎಂಬ ಒಂದು ವಸ್ತು ಬೇಕು. ನಾಯಿಯ ದೇಹ ಸಾಮಾನ್ಯವಾಗಿ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ದೇಹ ಸಾಕಾಗುವಷ್ಟು ತಯಾರಿಸುವುದಿಲ್ಲ. ಅದಕ್ಕೆ ಟಾರಿನ್ ತಿನ್ನುವ ಆಹಾರದಿಂದಲೇ ಬರಬೇಕು. ಅದು ಇರುವುದು ಮಾಂಸ, ಮೀನಿನಲ್ಲಿ. ಅನ್ನದಲ್ಲಿ ಇಲ್ಲ, ತರಕಾರಿಯಲ್ಲಿ ಇಲ್ಲ. ಹಸುವಿನ ಹಾಲಿನಲ್ಲಿ ಇರುವುದು ಲೆಕ್ಕಕ್ಕೇ ಬಾರದಷ್ಟು. ತಿಂಗಳುಗಟ್ಟಲೆ, ವರ್ಷಗಟ್ಟಲೆ ಕೊರತೆಯಾದರೆ ಕಣ್ಣಿನ ಪರದೆ ಸ್ವಲ್ಪ ಸ್ವಲ್ಪವೇ ಸಾಯುತ್ತಾ ಬರುತ್ತದೆ. ಹೃದಯ ಹಿಗ್ಗಿ ಸೋಲುತ್ತದೆ. ಇಲಿ, ಓತಿ ಹಿಡಿದು ತಿನ್ನುವ ಬೆಕ್ಕು ಮನೆಯಲ್ಲಿ ಹಾಲನ್ನ ತಿಂದರೂ ಹೊರಗೆ ತನಗೆ ಬೇಕಾದ್ದನ್ನು ತಾನೇ ನೋಡಿಕೊಳ್ಳುತ್ತದೆ. ನಮ್ಮ ಹಿರಿಯರ ಮನೆಗಳಲ್ಲಿ ಹಾಲನ್ನ ತಿಂದ ಬೆಕ್ಕುಗಳು ಗಟ್ಟಿಮುಟ್ಟಾಗಿದ್ದದ್ದು ಹಾಲನ್ನದಿಂದ ಅಲ್ಲ, ಅಟ್ಟದ ಮೇಲಿನ ಇಲಿಯಿಂದ. ಕುಂಞಿಗೆ ಆ ದಾರಿಯೂ ಇರಲಿಲ್ಲ.

ಹೋದ ದೃಷ್ಟಿ ಹೋಯಿತು, ಇನ್ನು ಮುಂದೆ ಹೋಗದ ಹಾಗೆ ನೋಡಿಕೊಳ್ಳಬಹುದು ಅಂದರು. ಹೃದಯ ಸದ್ಯಕ್ಕೆ ಚೆನ್ನಾಗಿದೆ ಅಂದರು. ಆಟೋದಲ್ಲಿ ಬರುವಾಗ ಬುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದೆ. ಮುಚ್ಚಳದ ಸಂದಿಯಿಂದ ಅವಳು ನನ್ನ ಬೆರಳು ನೆಕ್ಕುತ್ತಿದ್ದಳು.

ರಾತ್ರಿ ಮಂಗಳೂರಿನಲ್ಲಿ ಓದುತ್ತಿರುವ ಮಗಳಿಗೆ ಫೋನ್ ಮಾಡಿದೆ. ಅವಳು ಎಲ್ಲ ಹುಡುಕಿ ಓದಿ ಹೇಳಿದಳು. ಟಾರಿನ್ ಮೊದಲು ಸಿಕ್ಕಿದ್ದು 1827ರಲ್ಲಿ, ಇಬ್ಬರು ಜರ್ಮನ್ ವಿಜ್ಞಾನಿಗಳಿಗೆ, ಎತ್ತಿನ ಪಿತ್ತರಸದಲ್ಲಿ. ಎತ್ತಿಗೆ ಲ್ಯಾಟಿನ್ ಭಾಷೆಯಲ್ಲಿ ಟಾರಸ್ ಅನ್ನುತ್ತಾರಂತೆ, ಹೆಸರು ಅದರಿಂದ. ಅದು ಇಲ್ಲದಿದ್ದರೆ ಬೆಕ್ಕು ಕುರುಡಾಗುತ್ತದೆ ಎಂದು ಗೊತ್ತಾದದ್ದು 1975ರಲ್ಲಿ. ಹೃದಯಕ್ಕೂ ಅದೇ ಕಾರಣ ಎಂದು ಅಮೆರಿಕದ ಕ್ಯಾಲಿಫೋರ್ನಿಯಾದವರು ಕಂಡುಕೊಂಡದ್ದು 1987ರಲ್ಲಿ. ಆಗ ಪ್ಯಾಕೆಟಿನ ಆಹಾರ ತಿಂದ ಬೆಕ್ಕುಗಳಿಗೇ ಹೃದಯದ ಕಾಯಿಲೆ ಬರುತ್ತಿತ್ತಂತೆ. ಆಮೇಲೆ ಕಂಪನಿಗಳು ಟಾರಿನ್ ಪ್ರಮಾಣ ಹೆಚ್ಚಿಸಿದವು. ನಾನು ಹುಟ್ಟುವ ಮೊದಲೇ ಜನಕ್ಕೆ ಗೊತ್ತಿದ್ದ ವಿಷಯ ನನ್ನ ಅಡುಗೆಮನೆಗೆ ಬರುವಾಗ ಕುಂಞಿಯ ಕಣ್ಣು ಹೋಗಿತ್ತು. ಇದನ್ನು ಬರೆಯಲು ಕೂತದ್ದು ಅದಕ್ಕೇ. ನಮ್ಮಂಥ ಸಸ್ಯಾಹಾರದ ಮನೆಗಳು ಈ ಕಡೆ ಎಷ್ಟೋ ಇವೆ. ಎಲ್ಲ ಮನೆಯ ಅಡುಗೆಕೋಣೆಯ ಬಾಗಿಲಲ್ಲೂ ಒಂದು ಪುಚ್ಚೆ ಇದೆ.

ಹಾಲಿನ ಮಾತೂ ಹೇಳಿಬಿಡುತ್ತೇನೆ. ತಾಯಿಯ ಹಾಲು ಬಿಟ್ಟ ಮೇಲೆ ಹೆಚ್ಚಿನ ಬೆಕ್ಕುಗಳ ಹೊಟ್ಟೆಗೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ. ಕುಂಞಿಯ ಮಲ ತೆಳ್ಳಗಾಗುತ್ತಿದ್ದದ್ದು ಅದಕ್ಕೆ. ರುಚಿಗೆ ಕುಡಿಯುತ್ತವೆ, ಹೊಟ್ಟೆ ಒಪ್ಪುವುದಿಲ್ಲ. ಕುಡಿಯಲು ನೀರು ಸಾಕು. ನೀರಿನ ಪಾತ್ರೆ ಊಟದ ಪಾತ್ರೆಯಿಂದ ಸ್ವಲ್ಪ ದೂರ ಇಟ್ಟರೆ ಜಾಸ್ತಿ ಕುಡಿಯುತ್ತಾಳೆ ಅಂತ ನಾನೇ ನೋಡಿ ಕಲಿತೆ. ಇನ್ನೊಂದು, ಕಣ್ಣಿಗೆ ಒಳ್ಳೆಯದು ಅಂತ ಬಪ್ಪಂಗಾಯಿ (ಪಪ್ಪಾಯಿ), ಕ್ಯಾರೆಟ್ ಬೇಯಿಸಿ ಕೊಟ್ಟರೆ ಆದೀತಾ ಅಂತ ನಾನು ಡಾಕ್ಟರಲ್ಲಿ ಕೇಳಿದ್ದೆ. ಆಗುವುದಿಲ್ಲ. ಆ ಹಳದಿ ಬಣ್ಣವನ್ನು ವಿಟಮಿನ್ ಎ ಮಾಡಿಕೊಳ್ಳುವ ಶಕ್ತಿ ನಮಗಿದೆ, ನಾಯಿಗಿದೆ, ಬೆಕ್ಕಿಗಿಲ್ಲ. ಅದಕ್ಕೆ ತಯಾರಾದ ವಿಟಮಿನ್ನೇ ಸಿಗಬೇಕು.

ಈಗ ಮನೆಯ ಮಾತು. ಅತ್ತೆಗೆ ಎಂಬತ್ತು ದಾಟಿದೆ. ನಾನು ಎಲ್ಲ ಹೇಳಿದ ಮೇಲೆ ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಅನಂತಪುರದ ಮಾತು ತೆಗೆದರು.

ಕುಂಬಳೆ ಹತ್ತಿರದ ಅನಂತಪುರದ ಕೆರೆಯ ದೇವಸ್ಥಾನ, ಅಲ್ಲಿನ ಮೊಸಳೆ ಬಬಿಯಾ ನಮ್ಮ ಕಡೆಯವರಿಗೆಲ್ಲ ಗೊತ್ತು. ನೈವೇದ್ಯದ ಅನ್ನ ತಿನ್ನುತ್ತಿತ್ತು, ಯಾರಿಗೂ ತೊಂದರೆ ಮಾಡಿದ್ದಿಲ್ಲ. 2022ರ ಅಕ್ಟೋಬರಿನಲ್ಲಿ ಬಬಿಯಾ ತೀರಿಕೊಂಡಾಗ ಅತ್ತೆ ಆ ದಿನ ಊಟ ಮಾಡಿರಲಿಲ್ಲ. "ಮೊಸಳೆಯೇ ಅನ್ನ ತಿಂದು ಅಷ್ಟು ಕಾಲ ಬದುಕಿತು. ಪುಚ್ಚೆಗೆ ಆಗದಾ?" ಅಂದರು. ವಾದಕ್ಕೆ ಅಂದದ್ದಲ್ಲ. ನಿಜವಾಗಿ ಕೇಳಿದ್ದು.

ನನಗೆ ಉತ್ತರ ತಿಳಿಯಲಿಲ್ಲ. ನಮ್ಮವರು ಹೇಳಿದರು, "ಅಮ್ಮ, ಬಬಿಯಾ ಅನಂತಪದ್ಮನಾಭನ ಆಸರೆಯಲ್ಲಿ ಇತ್ತು. ಇದು ನಮ್ಮ ಆಸರೆಯಲ್ಲಿ ಇದೆ. ನಮಗೆ ಆ ಶಕ್ತಿ ಇಲ್ಲ."

ಅತ್ತೆ ಎದ್ದು ಒಳಗೆ ಹೋದರು. ಮರುದಿನ ಬೆಳಗ್ಗೆ ನಾನು ಹಟ್ಟಿಯಿಂದ ಬರುವಾಗ ಬಚ್ಚಲ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಅಟ್ಟದ ಮೇಲಿದ್ದ ಒಂದು ಹಳೆ ಅಲ್ಯೂಮಿನಿಯಂ ಪಾತ್ರೆ. "ಅಡಿಗೆ ಒಳಂಗೆ ತಪ್ಪಲಾಗ. ಬಚ್ಚಲ ಒಲೆಲಿ ಬೇಶು" ಅಂದರು. ಅಡುಗೆಮನೆಯೊಳಗೆ ತರಬಾರದು, ಬಚ್ಚಲ ಒಲೆಯಲ್ಲಿ ಬೇಯಿಸು ಅಂತ.

ಹಾಗೆ ಸ್ನಾನದ ಹಂಡೆಯ ಒಲೆಯ ಪಕ್ಕದಲ್ಲಿ ಕುಂಞಿಯ ಅಡುಗೆ ಶುರುವಾಯಿತು. ಮಡಲು, ಗೆರಟೆ ಉರಿಸಿ ನೀರು ಕಾಯಿಸುವ ಆ ಒಲೆಯಲ್ಲಿ ನಾನು ಮೊದಲು ಬೇಯಿಸಿದ್ದು ಮೊಟ್ಟೆ. ನಲವತ್ತಾರು ವರ್ಷದಲ್ಲಿ ನಾನು ಮೊದಲ ಸಲ ಮೊಟ್ಟೆ ಕೈಯಲ್ಲಿ ಹಿಡಿದದ್ದು. ಅದು ಅಷ್ಟು ಭಾರ ಇರುತ್ತದೆ ಅಂತ ಗೊತ್ತಿರಲಿಲ್ಲ. ಬೆಂದ ಮೇಲೆ ಸುಲಿಯಲು ಹೋದರೆ ಸಿಪ್ಪೆಯ ಜೊತೆ ಬಿಳಿ ಭಾಗವೂ ಕಿತ್ತು ಬಂತು. ತೋಟದ ಕೆಲಸದ ಅಕ್ಕ ನೋಡಿ, "ತಣ್ಣೀರಿಗೆ ಹಾಕಿ ಅಕ್ಕ, ಆಮೇಲೆ ನೀರಲ್ಲೇ ಸುಲಿಯಿರಿ" ಅಂದರು. ಬೆರಳಲ್ಲಿ ಉಳಿದ ವಾಸನೆಗೆ ಮೂರು ಸಲ ಸೋಪು ಹಾಕಿದೆ. ಕುಂಞಿ ಹಳದಿಯನ್ನು ನೆಕ್ಕಿ ನೆಕ್ಕಿ ತಿಂದಳು. ತಿಂದು ಮುಗಿದ ಮೇಲೂ ಬಡಿಸಿದ್ದ ಅಡಕೆ ಹಾಳೆಯನ್ನು ಬಿಡಲಿಲ್ಲ.

ಮೊಟ್ಟೆಯಲ್ಲೇ ಕೆಲಸ ಮುಗಿಯುತ್ತದೆ ಅಂತ ನಾವೆಲ್ಲ ಆಸೆ ಪಟ್ಟಿದ್ದೆವು. ಮುಗಿಯಲಿಲ್ಲ. ಮೊಟ್ಟೆ ಒಳ್ಳೆಯದೇ, ಮೈ ತುಂಬುತ್ತದೆ, ಆದರೆ ಅದರಲ್ಲಿ ಟಾರಿನ್ ತೀರಾ ಕಡಿಮೆ ಅಂತ ಡಾಕ್ಟರ್ ಹೇಳಿದರು. ಮೀನು, ಕೋಳಿ, ಇಲ್ಲವಾದರೆ ಬೆಕ್ಕಿಗಾಗಿಯೇ ಮಾಡಿದ ಪ್ಯಾಕೆಟ್.

ಮೀನನ್ನು ಅಕ್ಕ ತಂದುಕೊಟ್ಟರು. ಸ್ಕೂಟರಿನಲ್ಲಿ ಹಾರ್ನ್ ಹಾಕುತ್ತಾ ಬರುವ ಮೀನಿನವನಿಂದ ಬೂತಾಯಿ. ಮಲಯಾಳದವರು ಮತ್ತಿ ಅನ್ನುವುದು ಅದನ್ನೇ. ಉಪ್ಪು, ಮೆಣಸು, ಅರಸಿನ ಏನೂ ಹಾಕದೆ ಸ್ವಲ್ಪ ನೀರಲ್ಲಿ ಬೇಯಿಸಬೇಕು. ಹಸಿಯಾಗಿ ಕೊಡಬಾರದು. ಕೆಲವು ಹಸಿ ಮೀನುಗಳಲ್ಲಿ ಇರುವ ಒಂದು ಅಂಶ ವಿಟಮಿನ್ ಬಿ1 ಅನ್ನು ಹಾಳು ಮಾಡುತ್ತದೆ, ಬೇಯಿಸಿದರೆ ಆ ತೊಂದರೆ ಇಲ್ಲ. ಬೆಂದ ಮುಳ್ಳು ಗಂಟಲಿಗೆ ಚುಚ್ಚುತ್ತದೆ, ಬಿಡಿಸಿ ತೆಗೆಯಬೇಕು. ಮತ್ತೆ ಆ ಬೇಯಿಸಿದ ನೀರು! ಅದನ್ನು ನಾನು ಮೊದಲ ವಾರವೆಲ್ಲ ಬಚ್ಚಲಿಗೆ ಚೆಲ್ಲಿಬಿಟ್ಟೆ. ಟಾರಿನ್ ನೀರಿನಲ್ಲಿ ಕರಗುವಂಥದ್ದು, ಬೇಯುವಾಗ ನೀರಿಗೆ ಇಳಿಯುತ್ತದೆ. ನಾನು ಚೆಲ್ಲಿದ್ದು ಅವಳಿಗೆ ಬೇಕಾಗಿದ್ದದ್ದನ್ನೇ. ಈಗ ಆ ನೀರನ್ನು ಆರಿಸಿ ಊಟದ ಮೇಲೆ ಹೊಯ್ಯುತ್ತೇನೆ.

ಹಾಗಂತ ದಿನಾ ಬೂತಾಯಿ ಹಾಕಿದರೂ ಆಗುವುದಿಲ್ಲ. ಎಣ್ಣೆ ಜಾಸ್ತಿ ಇರುವ ಮೀನನ್ನೇ ತಿಂದರೆ ವಿಟಮಿನ್ ಇ ಕೊರತೆಯಾಗಿ ಚರ್ಮದಡಿಯ ಕೊಬ್ಬು ಊದಿ ನೋಯುತ್ತದೆ. ಬೆಕ್ಕು ಮುಟ್ಟಲೂ ಬಿಡುವುದಿಲ್ಲ. ಹಾಗಾಗಿ ವಾರಕ್ಕೆ ಎರಡು ದಿನ ಮೀನು. ಉಳಿದ ದಿನ ಪ್ಯಾಕೆಟ್. ಪ್ಯಾಕೆಟ್ ತರುವಾಗ ಬೆಕ್ಕಿನದ್ದೇ ತರಬೇಕು, ಟಾರಿನ್ ಇದೆಯಾ ಅಂತ ಹಿಂದೆ ಓದಿ ನೋಡಬೇಕು. ನಾಯಿಯ ಪ್ಯಾಕೆಟ್ ಬೆಕ್ಕಿಗೆ ಹಾಕಿದರೆ ಮತ್ತೆ ಅದೇ ಕಥೆ. ಕುಂಞಿ ಮೂರೂವರೆ ಕಿಲೋ ಇದ್ದಾಳೆ. ದಿನಕ್ಕೆ 50 ಗ್ರಾಂ ಒಣ ಆಹಾರ, ಮೂರು ಹೊತ್ತಿಗೆ ಪಾಲು ಮಾಡಿ. ಒಂದು ಕಿಲೋ ಪ್ಯಾಕೆಟ್ ಇಪ್ಪತ್ತು ದಿನದ ಮೇಲೆ ಬರುತ್ತದೆ.

ಊಟ ಬದಲಿಸುವಾಗ ಒಂದು ಎಚ್ಚರ. ಮೊದಲ ದಿನ ಪ್ಯಾಕೆಟಿನ ಕಾಳು ಮೂಸಿ ನೋಡಿ ಹೊರಟುಹೋದಳು. ಎರಡನೇ ದಿನವೂ ಹಾಗೇ. "ಹಸಿದರೆ ತಾನೇ ತಿನ್ನುತ್ತದೆ, ಸುಮ್ನೆ ಬಿಡು" ಅಂದವರು ತುಂಬಾ ಜನ. ನಾಯಿಗೆ ಆ ಮಾತು ಸ್ವಲ್ಪಮಟ್ಟಿಗೆ ನಡೆಯುತ್ತದೆ. ಬೆಕ್ಕಿಗೆ ನಡೆಯುವುದಿಲ್ಲ. ಎರಡು ಮೂರು ದಿನ ಏನೂ ತಿನ್ನದಿದ್ದರೆ ಅದರ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಜೀವಕ್ಕೇ ಬರುತ್ತದೆ, ದಪ್ಪ ಬೆಕ್ಕಿಗಂತೂ ಇನ್ನೂ ಬೇಗ. ನಾನು ಮೊಸರನ್ನಕ್ಕೇ ನಾಲ್ಕು ಕಾಳು ಪುಡಿ ಮಾಡಿ ಕಲಸಿ ಶುರು ಮಾಡಿದೆ. ದಿನದಿನಕ್ಕೆ ಅನ್ನ ಕಡಿಮೆ, ಕಾಳು ಜಾಸ್ತಿ. ಹತ್ತನೇ ದಿನಕ್ಕೆ ಅನ್ನ ಪೂರ್ತಿ ನಿಂತಿತು.

ಮನೆಯಲ್ಲಿ ಕೆಂಚನೂ ಇದ್ದಾನೆ. ನಮ್ಮ ಊರಿನದ್ದೇ ಕಂದು ನಾಯಿ. ಅವನ ವಿಷಯದಲ್ಲಿ ನಮ್ಮ ಅಡುಗೆ ಇಷ್ಟು ಮೋಸ ಮಾಡಲಿಲ್ಲ. ನಾಯಿ ಮನುಷ್ಯರ ಜೊತೆ ಸಾವಿರಾರು ವರ್ಷ ಬದುಕಿ ಅನ್ನ ಅರಗಿಸುವುದನ್ನು ಕಲಿತಿದೆ. ಕುಚ್ಚಲಕ್ಕಿ ಅನ್ನ, ಬೇಯಿಸಿದ ಬೇಳೆ, ಸ್ವಲ್ಪ ಕುಂಬಳಕಾಯಿ, ಈಗ ಮೊಟ್ಟೆಯೂ. ಕೆಂಚ ಕಲ್ಲಿನ ಮರಿಗೆಯನ್ನು ಹೊಳೆಯುವ ಹಾಗೆ ನೆಕ್ಕುತ್ತಾನೆ. ಹಲಸಿನ ಹಣ್ಣಿನ ಕಾಲ ಬಂದರೆ ಸೊಳೆಗೆ ಬಾಲ ಅಲ್ಲಾಡಿಸಿಕೊಂಡು ಕೂರುತ್ತಾನೆ. ಬೀಜ ತೆಗೆದು ಎರಡು ಸೊಳೆ ಕೊಡುತ್ತೇನೆ, ಅಷ್ಟೇ.

ಅವನಿಗೆ ಕೊಡಲೇಬಾರದ್ದು ನೀರುಳ್ಳಿ. ಮೊದಲು ಉಳಿದ ಸಾಂಬಾರು, ನೀರುಳ್ಳಿ ಬಜೆ ಎಲ್ಲ ಅವನ ಪಾಲಿಗೇ ಹೋಗುತ್ತಿತ್ತು. ನೀರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿ ಬೆಕ್ಕುಗಳ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ, ಹಸಿ ಆದರೂ ಅಷ್ಟೇ, ಬೆಂದರೂ ಅಷ್ಟೇ. ಪಾಯಸದ ಒಣದ್ರಾಕ್ಷಿ ನಾಯಿಯ ಕಿಡ್ನಿಗೆ ವಿಷ. ಚಾಕಲೇಟೂ ಬೇಡ. ಈಗ ನಮ್ಮವರು ಬಾಳೆಎಲೆ ಎತ್ತಿ ಅವನ ಕಡೆ ಹೋಗುವ ಮೊದಲು ಒಂದು ಸಲ ನನ್ನನ್ನು ನೋಡುತ್ತಾರೆ.

ಕೆಂಚನಿಗೆ ಊಟಕ್ಕಿಂತ ದೊಡ್ಡ ಕಷ್ಟ ಉಣ್ಣಿಯದ್ದು. ತೋಟ, ಹಟ್ಟಿ, ದನ ಇರುವ ಮನೆಯಲ್ಲಿ ಉಣ್ಣಿ ಇಲ್ಲದ ನಾಯಿ ಇಲ್ಲ. ಸಂಜೆ ಕೆಲಸವೆಲ್ಲ ಮುಗಿದ ಮೇಲೆ ಜಗಲಿಯಲ್ಲಿ ಕೂತು ಅವನ ತಲೆಯನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತೇನೆ. ಪಕ್ಕದಲ್ಲಿ ಗೆರಟೆಯಲ್ಲಿ ಸೋಪುನೀರು. ಕಿವಿಯ ಒಳಮಡಿಕೆ, ಕೊರಳಪಟ್ಟಿಯ ಅಡಿ, ಬೆರಳುಗಳ ಸಂದಿ, ಬಾಲದ ಬುಡ. ಉಣ್ಣಿ ಕೂತ ಜಾಗ ಮೊದಲು ಬೆರಳಿಗೆ ಸಣ್ಣ ಹರಳಿನ ಹಾಗೆ ಸಿಗುತ್ತದೆ. ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಬೇಕು. ಹೊಟ್ಟೆ ಹಿಡಿದು ಹಿಸುಕಬಾರದು, ಉಗುರಲ್ಲಿ ಒಡೆಯಬಾರದು. ಕೆಂಚ ಕಣ್ಣು ಮುಚ್ಚಿ ಸುಮ್ಮನಿರುತ್ತಾನೆ. ಕಾಲಿನ ಬೆರಳ ಸಂದಿಗೆ ಬಂದಾಗ ಮಾತ್ರ ಒಂದು ಸಲ ನಿಟ್ಟುಸಿರು ಬಿಡುತ್ತಾನೆ.

ಈ ಉಣ್ಣಿಯಿಂದ ನಾಯಿಗೆ ಜ್ವರ ಬರುತ್ತದೆ. ಊಟ ಬಿಟ್ಟು ಮೂಲೆಯಲ್ಲಿ ಮಲಗಿದರೆ, ಒಸಡು ಬಿಳಿಚಿದ್ದರೆ, ಮೂತ್ರ ಕೆಂಪಾಗಿದ್ದರೆ ಕಾಯಬೇಡಿ. ಆವತ್ತೇ ರಕ್ತಪರೀಕ್ಷೆ ಮಾಡಿಸಿದರೆ ಮದ್ದು ಇದೆ.

ಉಣ್ಣಿಯ ಮದ್ದಿನ ಬಗ್ಗೆ ನಾನು ಗಟ್ಟಿಯಾಗಿ ಹೇಳಬೇಕಾದ ಮಾತು ಒಂದಿದೆ. ನಾಯಿಗೆ ಹಾಕುವ ಮದ್ದನ್ನು ಬೆಕ್ಕಿಗೆ ಹಾಕಬೇಡಿ. ಪರ್ಮೆಥ್ರಿನ್ ಇರುವ ಪುಡಿ, ಹನಿ ಎಲ್ಲ ಬೆಕ್ಕಿಗೆ ವಿಷ. ಮೈ ನಡುಗಿ ಸೆಳವು ಬರುತ್ತದೆ. ಕುಂಞಿ ಮತ್ತು ಕೆಂಚ ಒಂದೇ ಅಡಕೆ ಗೋಣಿಯ ಮೇಲೆ ಒತ್ತಿಕೊಂಡು ಮಲಗುವವರು. ಹಾಗಾಗಿ ನಾನು ಕೆಂಚನಿಗೂ ಡಾಕ್ಟರಲ್ಲಿ ಕೇಳಿ, ಮನೆಯಲ್ಲಿ ಬೆಕ್ಕಿದೆ ಅಂತ ಹೇಳಿಯೇ ಮದ್ದು ತರುತ್ತೇನೆ. ಮತ್ತೆ, ಜ್ವರಕ್ಕೆ ನಾವು ನುಂಗುವ ಪ್ಯಾರಸಿಟಮಾಲ್. ಒಂದೇ ಒಂದು ಮಾತ್ರೆ ಒಂದು ಬೆಕ್ಕನ್ನು ಕೊಲ್ಲುತ್ತದೆ. ಪಾಪ ಅನಿಸಿ ಕೊಡುವವರು ಇದ್ದಾರೆ. ಕೊಡಬೇಡಿ.

ತೋಟದ ಮನೆಯ ಇನ್ನೊಂದು ಹೆದರಿಕೆ ಮಳೆಗಾಲದಲ್ಲಿ. ಅಡಕೆಗೆ ಮದ್ದು ಬಿಡುವಾಗ ಮೈಲುತುತ್ತು ಮತ್ತು ಸುಣ್ಣ ಕಲಸಿದ ಡ್ರಮ್ ಅಂಗಳದಲ್ಲಿ ತೆರೆದೇ ಇರುತ್ತದೆ. ಆ ನೀಲಿ ನೀರು ಬಿದ್ದ ಗುಂಡಿಯಿಂದ ನಾಯಿ ಕುಡಿದರೆ ತಾಮ್ರದ ವಿಷ. ನಾವು ಮದ್ದು ಬಿಡುವ ದಿನ ಕೆಂಚನನ್ನು ಕಟ್ಟಿ ಹಾಕುತ್ತೇವೆ, ಡ್ರಮ್ಮಿಗೆ ಮುಚ್ಚಳ ಹಾಕುತ್ತೇವೆ, ಸಂಜೆ ಆ ಜಾಗಕ್ಕೆ ಮಣ್ಣು ಎಳೆಯುತ್ತೇವೆ. ಇಲಿಪಾಷಾಣವನ್ನು ಮನೆಯಿಂದ ಪೂರ್ತಿ ಹೊರಗೆ ಹಾಕಿದ್ದೇವೆ. ವಿಷ ತಿಂದ ಇಲಿ ಓಡಲಾರದೆ ಬಿದ್ದಿರುತ್ತದೆ, ಅದನ್ನು ಮೊದಲು ಹಿಡಿಯುವುದು ಬೆಕ್ಕು ತಾನೇ? ಈಗ ಇಲಿಬೋನು ಇಡುತ್ತೇವೆ.

ಲಸಿಕೆಯ ಮಾತು ಚಿಕ್ಕದಾಗಿ. ಕೆಂಚನ ಜೊತೆ ಹುಟ್ಟಿದ ಮರಿಯೊಂದನ್ನು ಪಕ್ಕದ ಮನೆಯವರು ಸಾಕಿದ್ದರು. ಎರಡೂವರೆ ತಿಂಗಳಲ್ಲಿ ಪಾರ್ವೋ ಎಂಬ ವೈರಸ್ ರೋಗ ಬಂದು ರಕ್ತಭೇದಿಯಾಗಿ ಮೂರೇ ದಿನದಲ್ಲಿ ಹೋಯಿತು. ನಾಯಿಮರಿಗೆ ಆರರಿಂದ ಎಂಟು ವಾರದಲ್ಲಿ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಂದು, ಹದಿನಾರು ವಾರ ಆಗುವವರೆಗೆ. ಹುಚ್ಚುನಾಯಿ ರೋಗದ್ದು ಮೂರು ತಿಂಗಳಿಗೆ, ಆಮೇಲೆ ಡಾಕ್ಟರ್ ಹೇಳಿದ ಹಾಗೆ ಪ್ರತಿ ವರ್ಷ. ಪಂಚಾಯತಿನಲ್ಲಿ ನಾಯಿಗೆ ಲೈಸೆನ್ಸ್ ಮಾಡಿಸಲು ಆ ಲಸಿಕೆಯ ಸರ್ಟಿಫಿಕೇಟ್ ಬೇಕು. ಬೆಕ್ಕಿಗೂ ಹುಚ್ಚುರೋಗದ ಲಸಿಕೆ ಕೊಡಿಸಬೇಕು, ಇದನ್ನು ನಮ್ಮ ಕಡೆ ಹೆಚ್ಚಿನವರು ಮರೆಯುತ್ತಾರೆ. ಕಚ್ಚಿದರೆ, ಪರಚಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿ ತೊಳೆಯಿರಿ, ಹದಿನೈದು ನಿಮಿಷ ನಾವು ಅಂದುಕೊಂಡದ್ದಕ್ಕಿಂತ ಉದ್ದ. ಆಮೇಲೆ ಅದೇ ದಿನ ಆಸ್ಪತ್ರೆಗೆ. ಸುಣ್ಣ, ಅರಸಿನ, ಮೆಣಸಿನ ಪುಡಿ ಯಾವುದೂ ಗಾಯಕ್ಕೆ ಬೇಡ.

ಕುಂಞಿಗೆ ಈಗ ಹಗಲಲ್ಲಿ ಮಸುಕು ಮಸುಕಾಗಿ ಕಾಣುತ್ತದೆ. ಕತ್ತಲಾದ ಮೇಲೆ ಏನೂ ಇಲ್ಲ. ಆದರೆ ಮನೆಯ ಲೆಕ್ಕ ಅವಳ ಮೀಸೆಯಲ್ಲಿದೆ. ಗೋಡೆಗೆ ಮೀಸೆ ತಾಗಿಸಿಕೊಂಡು ನಡುಮನೆ ದಾಟುತ್ತಾಳೆ, ಕಡೆಯುವ ಕಲ್ಲಿನ ಹತ್ತಿರ ಎಡಕ್ಕೆ ತಿರುಗುತ್ತಾಳೆ. ನಾವು ಅವಳಿಗಾಗಿ ಕಲಿತದ್ದು ಯಾವುದನ್ನೂ ಜಾಗ ಬದಲಿಸದೆ ಇರುವುದು. ನೀರಿನ ಪಾತ್ರೆ ಒಂದು ಗೇಣೂ ಆಚೆ ಈಚೆ ಆಗಬಾರದು. ಅಡಕೆ ಮೂಟೆಗಳನ್ನು ದಾರಿಯಲ್ಲಿ ಇಡುವುದಿಲ್ಲ. ಮುಟ್ಟುವ ಮೊದಲು ಹೆಸರು ಹಿಡಿದು ಕರೆಯುತ್ತೇವೆ, ಇಲ್ಲದಿದ್ದರೆ ಬೆಚ್ಚುತ್ತಾಳೆ. ಆ ಮೆಟ್ಟಿಲಿನ ಅಂಚಿಗೆ ನಮ್ಮವರು ತೆಂಗಿನ ನಾರಿನ ಹಗ್ಗ ಹೊಡೆದು ಕೊಟ್ಟಿದ್ದಾರೆ. ಪಾದಕ್ಕೆ ನಾರು ತಾಗಿದ ಕೂಡಲೇ ಅವಳಿಗೆ ಗೊತ್ತಾಗುತ್ತದೆ. ಮೂರೇ ದಿನದಲ್ಲಿ ಕಲಿತಳು. ಕೂದಲು ನುಣುಪಾಗಿದೆ. ಕೊನೆಯ ಸಲ ಹೋದಾಗ ಹೃದಯ ಚೆನ್ನಾಗಿದೆ ಅಂದರು.

ಹೋದ ವಾರ ಇನ್ನೊಂದು ಬಂದಿದೆ. ಪೇಟೆಯ ಮೀನು ಮಾರ್ಕೆಟಿನ ಹಿಂದೆ ಯಾರೋ ಗೋಣಿಯಲ್ಲಿ ಕಟ್ಟಿ ಬಿಟ್ಟುಹೋಗಿದ್ದರಂತೆ. ಅಕ್ಕ ತಂದುಕೊಟ್ಟರು. ಹೀಗೆ ಬಿಟ್ಟುಬರುವವರ ಮೇಲೆ ನನಗೆ ತುಂಬಾ ಸಿಟ್ಟಿದೆ. ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಬಸಿರಾಗುತ್ತದೆ, ಎರಡು ತಿಂಗಳಿಗೆ ಹೆರುತ್ತದೆ. ಒಂದು ಸಣ್ಣ ಆಪರೇಶನ್ ಮಾಡಿಸಿದರೆ ಗೋಣಿ ಕಟ್ಟುವ ಕೆಲಸವೇ ಇಲ್ಲ. ಕುಂಞಿಗೆ ನಾವು ಮಾಡಿಸಿದ್ದೇವೆ.

ಮರಿ ಕರಿ ಬಿಳಿ, ಬಾಲದ ತುದಿ ಮಾತ್ರ ಕಂದು. ಅಡುಗೆಯ ತಕ್ಕಡಿಯಲ್ಲಿ ಇಟ್ಟರೆ 620 ಗ್ರಾಂ. ಮೊದಲ ದಿನ ಅದರ ಕೂಗು ಕೇಳಿ ಅತ್ತೆ ಹಾಲಿನ ಪಾತ್ರೆಗೆ ಕೈ ಹಾಕಿದರು. ನಾನು ಏನೂ ಹೇಳಲಿಲ್ಲ. ಅವರೇ ಮುಚ್ಚಳ ಮುಚ್ಚಿ, "ಇದಕ್ಕೆ ಎಂತ ಕೊಡೆಕ್ಕು?" ಅಂತ ಕೇಳಿದರು. ಮರಿಗಳ ಪ್ಯಾಕೆಟಿನ ಕಾಳನ್ನು ಬಿಸಿನೀರಲ್ಲಿ ನೆನೆಸಿ, ಬೆರಳಲ್ಲಿ ಕಿವುಚಿ, ಹಾಳೆಯ ತುಂಡಿನ ಮೇಲೆ ಇಟ್ಟೆ. ದಿನಕ್ಕೆ ನಾಲ್ಕು ಸಲ. ರಾತ್ರಿ ಹತ್ತರದ್ದು ಅತ್ತೆಯ ಪಾಳಿ.

ನಾಳೆ ಹೊಟ್ಟೆಹುಳಕ್ಕೆ ಮದ್ದು ಕೊಡಿಸಬೇಕು. ಹೆಸರು ಇನ್ನೂ ಇಟ್ಟಿಲ್ಲ.